ವ್ಯಾಯಾಮದಲ್ಲಿ ಏನನ್ನು ಬದಲಿಸಬೇಕು?

ಪ್ರಶ್ನೆ: ನನಗೆ 41 ವರ್ಷ. ವಾರಕ್ಕೆ ಐದು ದಿನ 40 ನಿಮಿಷ ನಡೆದು, ಆಮೇಲೆ 15 ಬಸ್ಕಿ, 10 ಪುಷ್‌ಅಪ್ ಮಾಡುತ್ತೇನೆ. ಆರಂಭದಲ್ಲಿ ತೂಕ ಇಳಿದು ಮೈಯಲ್ಲಿ ಕಸುವು ಬಂದಿತ್ತು; ಈಚೆಗೆ ಯಾವ ಬದಲಾವಣೆಯೂ ಕಾಣುತ್ತಿಲ್ಲ. ದಿನಕ್ಕೊಂದು ಹೊಸ ವ್ಯಾಯಾಮ ಮಾಡಿ ಸ್ನಾಯುಗಳನ್ನು ಗೊಂದಲಗೊಳಿಸಬೇಕೆಂದು ಸ್ನೇಹಿತರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ದೇಹಕ್ಕೆ ಈ ಕ್ರಮ ರೂಢಿಯಾಗಿದೆ ಎಂಬಷ್ಟರ ಮಟ್ಟಿಗೆ ಅವರ ಮಾತು ನಿಜ, ಆದರೆ ಅವರು ಸೂಚಿಸಿದ ಪರಿಹಾರ ಸರಿಯಲ್ಲ. ವ್ಯಾಯಾಮ ಆರಂಭಿಸಿದ ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಶಕ್ತಿಯ ಬಹುಪಾಲು, ನರಗಳು ಸ್ನಾಯುಗಳನ್ನು ಚೆನ್ನಾಗಿ ದುಡಿಸಿಕೊಳ್ಳಲು ಕಲಿಯುವುದರಿಂದ ಬರುತ್ತದೆ. ಸ್ನಾಯು ಬೆಳೆಯುವುದು ಅನಂತರದ, ನಿಧಾನವಾದ ಕೆಲಸ. ದಿನವೂ ವ್ಯಾಯಾಮ ಬದಲಿಸುವವರು ಆ ಕಲಿಕೆಯ ಹಂತದಲ್ಲೇ ಸುತ್ತುತ್ತಿರುತ್ತಾರೆ. ಹೊಸ ಚಲನೆಯ ಮರುದಿನ ಮೈಕೈ ನೋಯುವುದನ್ನು ಅವರು ಪ್ರಗತಿಯ ಗುರುತೆಂದು ತಿಳಿಯುತ್ತಾರೆ. ಅದು ಅಭ್ಯಾಸವಿಲ್ಲದ ಕೆಲಸದ ನೋವು, ಒಂದೆರಡು ದಿನ ಹೆಚ್ಚಾಗಿದ್ದು, ಅದೇ ಚಲನೆಯನ್ನು ಮತ್ತೆ ಮಾಡಿದಾಗ ಕಡಿಮೆಯಾಗುತ್ತದೆ.

ನಿಮಗೆ ಬೇಕಾಗಿರುವುದು ಗೊಂದಲವಲ್ಲ, ಏರುತ್ತಾ ಹೋಗುವ ಹೊರೆ. ಬಸ್ಕಿಯನ್ನೇ ತೆಗೆದುಕೊಳ್ಳಿ: ನಾಲ್ಕು ಎಣಿಸುತ್ತಾ ನಿಧಾನವಾಗಿ ಕೆಳಗಿಳಿದು, ತೊಡೆಗಳು ನೆಲಕ್ಕೆ ಸಮಾನಾಂತರವಾದಾಗ ಎರಡು ಕ್ಷಣ ತಡೆದು, ಹಿಮ್ಮಡಿ ಎತ್ತದೆ ಮೇಲೇಳಿ. 15 ಬಸ್ಕಿ ಹೊಡೆಯುತ್ತಿದ್ದವರಿಗೆ ಹೀಗೆ 8 ಮಾಡುವಾಗಲೇ ಕೊನೆಯ ಎರಡು ಕಷ್ಟವೆನಿಸುತ್ತವೆ, ನಮಗೆ ಬೇಕಾದದ್ದೂ ಆ ಕಷ್ಟವೇ. ಅದು ಸಲೀಸಾದ ಮೇಲೆ ಸಂಖ್ಯೆ ಹೆಚ್ಚಿಸಿ ಅಥವಾ ಕೈಯಲ್ಲಿ ತೂಕ ಹಿಡಿಯಿರಿ, ಆದರೆ ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ ನಾಲ್ಕರಿಂದ ಆರು ವಾರ ಅದನ್ನೇ ಹಿಡಿದಿರಿ. ಸ್ನಾಯುವಿನಷ್ಟು ಬೇಗ ಅದನ್ನು ಮೂಳೆಗೆ ಬಂಧಿಸುವ ಸ್ನಾಯುರಜ್ಜು ಗಟ್ಟಿಯಾಗುವುದಿಲ್ಲವಾದ್ದರಿಂದ, ಇಲ್ಲಿ ಆತುರಪಟ್ಟವರು ಮಂಡಿ ಹಿಡಿದುಕೊಂಡು ಕೂರಬೇಕಾಗುತ್ತದೆ. ಈ ಕಸರತ್ತನ್ನು ಐದು ದಿನವೂ ಮಾಡದೆ, ದಿನ ಬಿಟ್ಟು ದಿನದಂತೆ ಮೂರು ದಿನ ಮಾಡಿದರೆ ಸಾಕು.

ನಿಮ್ಮ ಪಟ್ಟಿಯಲ್ಲಿ ನಿಜವಾಗಿ ಸೇರಬೇಕಾದ ಹೊಸ ವ್ಯಾಯಾಮ ಒಂದೇ. ಪುಷ್‌ಅಪ್‌ನಲ್ಲಿ ದೂಡುತ್ತೀರಿ, ಆದರೆ ಎಳೆಯುವ ಕೆಲಸ ಎಲ್ಲಿಯೂ ಇಲ್ಲ; ಹೀಗಾಗಿ ಬೆನ್ನಿನ ಮೇಲ್ಭಾಗಕ್ಕೆ ದುಡಿಮೆಯೇ ಇಲ್ಲ. ರಬ್ಬರ್ ಪಟ್ಟಿಯನ್ನು ಗಟ್ಟಿಯಾದ ಕಂಬಕ್ಕೆ ಸುತ್ತಿ, ಮೊಣಕೈಗಳು ಪಕ್ಕೆಗಳನ್ನು ದಾಟುವವರೆಗೆ ಎಳೆದರೆ ಆ ಕೊರತೆ ತುಂಬುತ್ತದೆ.

ನಡಿಗೆಯ ಪ್ರಮಾಣದಲ್ಲಿ ತಪ್ಪೇನಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಹೇಳುತ್ತದೆ. ನೀವು ಬಿರುಸಾಗಿ ನಡೆಯುವವರಾದರೆ ನಿಮ್ಮದು 200 ನಿಮಿಷ. ವಾರದಲ್ಲಿ ಎರಡು ದಿನ ಮಾತ್ರ, ನಡುವೆ ಎರಡೆರಡು ನಿಮಿಷ, ನಾಲ್ಕು ಪದ ಆಡುವಷ್ಟರಲ್ಲಿ ಉಸಿರು ಸಾಲದಾಗುವ ವೇಗದಲ್ಲಿ ಐದಾರು ಬಾರಿ ನಡೆದು ನೋಡಿ. ಎದೆನೋವು, ತಲೆಸುತ್ತು ಅಥವಾ ಹೃದಯದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕಾಣಬೇಕು.

ಇನ್ನು ತೂಕ. ಹಗುರವಾದ ದೇಹವನ್ನು ಹೊತ್ತು ಅದೇ ದೂರ ನಡೆಯಲು ಕಡಿಮೆ ಶಕ್ತಿ ಸಾಕಾಗುತ್ತದೆ, ಆದ್ದರಿಂದ ಇಳಿಕೆ ಒಂದು ಹಂತದಲ್ಲಿ ನಿಲ್ಲುವುದು ಸಹಜ. ಅದನ್ನು ಮುಂದುವರಿಸಲು ವ್ಯಾಯಾಮದ ವೈವಿಧ್ಯಕ್ಕಿಂತ ಊಟದ ಪ್ರಮಾಣವೇ ಹೆಚ್ಚು ಮುಖ್ಯ.

ಪ್ರಶ್ನೆ: ನಾನು 10 ಕಿಲೋಮೀಟರ್ ಓಟಕ್ಕೆ ಸಿದ್ಧನಾಗುತ್ತಿದ್ದೇನೆ. ಈಜು, ಸೈಕಲ್ ಸೇರಿಸಿದರೆ ಓಟದ ವೇಗ ಹೆಚ್ಚುತ್ತದೆಯೇ?

ಉತ್ತರ: ಅವುಗಳಿಂದ ಹೃದಯ ಮತ್ತು ಶ್ವಾಸಕೋಶಗಳಿಗೆ ಲಾಭವಿದೆ, ಪಾದ ಮತ್ತು ಮಂಡಿಗಳಿಗೆ ಬಿಡುವೂ ಸಿಗುತ್ತದೆ. ಆದರೆ ದೇಹ ಮಾಡಿದ ಕೆಲಸದಲ್ಲೇ ಪಳಗುತ್ತದೆ. ವೇಗ ಬೇಕಾದರೆ ಓಟವೇ ಮುಖ್ಯವಾಗಿರಬೇಕು. ವಾರದ ಓಟಗಳಲ್ಲಿ ಒಂದನ್ನು ದೀರ್ಘವಾಗಿ ನಿಧಾನಗತಿಯಲ್ಲಿ, ಒಂದನ್ನು ವೇಗದ ತುಣುಕುಗಳಾಗಿ ಓಡಿ, ಉಳಿದವನ್ನು ಆರಾಮವಾಗಿ ಮುಗಿಸಿ. ಸೈಕಲ್ ಅಥವಾ ಈಜನ್ನು ವೇಗದ ಓಟದ ಮರುದಿನಕ್ಕೆ ಇಟ್ಟುಕೊಳ್ಳಿ.