ಸ್ವತಂತ್ರವಾಗಿ ಮಾಡುವ ಕಥಾ ಪಾಡ್‌ಕಾಸ್ಟ್‌ಗೆ ಕೇಳುಗರ ಹತ್ತಿರ ಹಣ ಕೇಳುವುದು ಹೇಗೆ?

ನಾಲ್ಕು ಜನ ಸೇರಿ ಆಡಿಯೋ ಧಾರಾವಾಹಿ ಮಾಡುತ್ತಿದ್ದೀರಿ, ಮೊದಲ ಸೀಸನ್ ಕೈಯಿಂದ ಹಾಕಿ ಮುಗಿಸಿದ್ದೀರಿ, ಎರಡನೆಯದಕ್ಕೆ ಕೇಳುಗರ ಬೆಂಬಲ ಬೇಕು, ಆದರೆ ಕೇಳಲು ಬಾಯಿ ಬರುತ್ತಿಲ್ಲ. "ಇಷ್ಟು ದಿನ ಪುಕ್ಕಟೆ ಕೊಟ್ಟು ಈಗ ಕೈ ಚಾಚಿದರೆ ಜನ ಏನಂದುಕೊಳ್ಳುತ್ತಾರೆ" ಎಂದು ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ಒಂದು ವರ್ಷ ಕಳೆದಿದ್ದೇನೆ. ನಾನು ಬರೆದು ನಿರ್ದೇಶಿಸುವ ಪಾಡ್‌ಕಾಸ್ಟ್ ಮೂರು ಸೀಸನ್ ಮುಗಿಸಿದೆ. ಕೊನೆಯ ಎರಡು ಪೂರ್ತಿ ಕೇಳುಗರ ದುಡ್ಡಿನಲ್ಲೇ ಆದವು.

ನನ್ನ ಅನುಭವದಲ್ಲಿ ಉಳಿದದ್ದೆಲ್ಲ ಒಂದು ಕಡೆ, ಈ ಮಾತು ಒಂದು ಕಡೆ: ಕ್ಷಮೆ ಕೇಳುತ್ತಾ ಹಣ ಕೇಳಬೇಡಿ, ಲೆಕ್ಕ ಹೇಳಿ ಕೇಳಿ.

ನಮ್ಮ ಮೊದಲ ಮನವಿ ಹೇಗಿತ್ತು ಎಂದರೆ, ಸೀಸನ್ನಿನ ಕೊನೆಯ ಕಂತು ಮುಗಿದ ಕೂಡಲೇ ನಾನು ಮೈಕಿನ ಮುಂದೆ ಕೂತು ಒಂದು ನಿಮಿಷ ಮಾತಾಡಿದೆ. ಹೇಳಲು ಮುಜುಗರವಾಗುತ್ತದೆ, ಯಾರಿಗೂ ಒತ್ತಾಯವಿಲ್ಲ, ಅನುಕೂಲ ಇದ್ದವರು ಮಾತ್ರ, ಎಷ್ಟಾದರೂ ಸರಿ, ಕೊಡದಿದ್ದರೂ ಬೇಸರವಿಲ್ಲ. ಒಂದು ತಿಂಗಳಲ್ಲಿ ಏಳು ಜನ ಕೊಟ್ಟರು. ಅವರಲ್ಲಿ ಐವರು ನಮ್ಮ ನಟರ ಮನೆಯವರೇ. ಜನರಿಗೆ ಕಥೆ ಬೇಕು, ಆದರೆ ಕೊಡುವ ಮನಸ್ಸಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅಷ್ಟರಲ್ಲಿ ಮೊದಲ ಕಂತಿನಿಂದ ಕೇಳುತ್ತಾ ಬಂದವರೊಬ್ಬರು ಇಮೇಲ್ ಬರೆದರು: "ನಿಮಗೆ ಹಣ ಬೇಕೋ ಬೇಡವೋ ನನಗೆ ಗೊತ್ತಾಗಲಿಲ್ಲ. ಬೇಕಿದ್ದರೆ ಎಷ್ಟು, ಯಾತಕ್ಕೆ?"

ಈ ಎರಡು ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ಸಂಜೆ ಕೂತು, 25 ನಿಮಿಷದ ಒಂದು ಕಂತಿಗೆ ನಿಜವಾಗಿ ಏನೇನು ಹೋಗುತ್ತದೆ ಎಂದು ಮೊದಲ ಸಲ ಬರೆದೆವು. ಸ್ಕ್ರಿಪ್ಟ್ ಮೂರು ಸಲ ತಿದ್ದಿದ್ದು. ನಟರೆಲ್ಲ ಸೇರಿ ಒಮ್ಮೆ ಓದಿದ್ದು. ಆರು ದನಿಗಳ ರೆಕಾರ್ಡಿಂಗ್. ಅದರಲ್ಲಿ ಇಬ್ಬರು ತಮ್ಮ ಮನೆಯಲ್ಲೇ ಮೈಕ್ ಇಟ್ಟುಕೊಂಡಿದ್ದರಿಂದ ಅವರ ಕೋಣೆಯ ಮಾರ್ದನಿ ತೆಗೆಯುವ ಕೆಲಸ ಬೇರೆ. ಪ್ರತಿ ಸಾಲಿಗೂ ನಾಲ್ಕೈದು ಟೇಕ್. ಒಂದನ್ನು ಆರಿಸಿ, ಬೇರೆ ಬೇರೆ ದಿನ ಮಾತಾಡಿದ ಇಬ್ಬರು ಎದುರುಬದುರು ಕೂತಿದ್ದಾರೆ ಅನ್ನಿಸುವ ಹಾಗೆ ಮಾತಿನ ನಡುವಿನ ಉಸಿರು ಹೊಂದಿಸುವುದು. ಆಮೇಲೆ ಹೆಜ್ಜೆ, ಬಾಗಿಲು, ಮಳೆ, ಬಟ್ಟೆಯ ಸರಸರ, ಸಂಗೀತ. ಕೊನೆಗೆ ಮಿಕ್ಸಿಂಗ್. ಒಟ್ಟು ಶಬ್ದಮಟ್ಟ ಮೈನಸ್ 16 ಎಲ್‌ಕೆಎಫ್‌ಎಸ್ (ಸದ್ದು ಕಿವಿಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಎಂದು ಅಳೆಯುವ ಮಾನ) ಆಸುಪಾಸಿನಲ್ಲಿರಲಿ ಎಂದು ಆ್ಯಪಲ್ ಪಾಡ್‌ಕಾಸ್ಟ್ಸ್ ಹೇಳುತ್ತದೆ. ಇಬ್ಬರು ಕೂತು ಹರಟುವ ಕಾರ್ಯಕ್ರಮಕ್ಕೆ ಅದು ದೊಡ್ಡ ಕೆಲಸವಲ್ಲ. ನಾಟಕದಲ್ಲಿ ಪಿಸುಮಾತೂ ಇರುತ್ತದೆ, ಕಿರುಚಾಟವೂ ಇರುತ್ತದೆ. ಬಸ್ಸಿನಲ್ಲಿ ಕೂತವರಿಗೆ ಪಿಸುಮಾತು ಕೇಳಿಸಬೇಕು, ಕಿರುಚಾಟಕ್ಕೆ ಅವರು ಇಯರ್‌ಫೋನ್ ಕಿತ್ತು ಎಸೆಯಬಾರದು. ಎಲ್ಲರ ಗಂಟೆಗಳನ್ನು ಕೂಡಿಸಿದಾಗ ಒಂದು ಕಂತಿಗೆ 90 ದಾಟಿತು. ಇಷ್ಟು ದಿನ ನಮಗೇ ಗೊತ್ತಿರಲಿಲ್ಲ.

ಈ ಪಟ್ಟಿಯನ್ನು ಹಾಗೇ ಓದಿ ಹೇಳಿದರೆ ಯಾರ ಮನಸ್ಸಿಗೂ ಇಳಿಯುವುದಿಲ್ಲ. ನಮ್ಮದು ಕಿವಿಯ ಮಾಧ್ಯಮ, ಹಾಗಾಗಿ ಕೇಳಿಸಿಯೇ ಹೇಳೋಣ ಎಂದುಕೊಂಡೆವು. ಎರಡನೆಯ ಮನವಿಗೆ ಕಥೆಯೊಳಗಿನ ಒಂದು ಚಿಕ್ಕ ದೃಶ್ಯ ಆರಿಸಿದೆವು. ಅಜ್ಜಿಯೊಬ್ಬಳು ಕತ್ತಲಲ್ಲಿ ಮರದ ಮೆಟ್ಟಿಲು ಇಳಿದು ಬರುತ್ತಾಳೆ, ಒಂಬತ್ತನೆಯ ಮೆಟ್ಟಿಲಲ್ಲಿ ನಿಂತು "ಯಾರಪ್ಪಾ ಅಲ್ಲಿ?" ಎನ್ನುತ್ತಾಳೆ. ಮೊದಲು ಅವಳ ದನಿಯನ್ನು ರೆಕಾರ್ಡ್ ಆದ ಹಾಗೇ ಹಾಕಿದೆವು. ಹಿಂದೆ ಫ್ಯಾನಿನ ಸದ್ದು, ದೂರದಲ್ಲಿ ಒಂದು ಹಾರ್ನ್. ಆಮೇಲೆ ತೊಳೆದ ದನಿ. ಅದರ ಮೇಲೆ ಹೆಜ್ಜೆ. ನಮ್ಮ ಸೌಂಡ್ ಡಿಸೈನರ್ ಹಳೆಯ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತು ಒಂದೊಂದನ್ನೂ ಬೇರೆ ಬೇರೆಯಾಗಿ ಮಾಡಿದ್ದರು, ಯಾಕೆಂದರೆ ಒಂದೇ ಹೆಜ್ಜೆಯ ಸದ್ದನ್ನು ಒಂಬತ್ತು ಸಲ ಅಂಟಿಸಿದರೆ ಕಿವಿ ತಕ್ಷಣ ಹಿಡಿದುಬಿಡುತ್ತದೆ. ಆಮೇಲೆ ಊರುಗೋಲು. ಆಮೇಲೆ ಮಳೆ. ಕೊನೆಯಲ್ಲಿ ಇಡೀ ದೃಶ್ಯ, ಕಂತಿನಲ್ಲಿ ಜನ ಕೇಳಿದ್ದ ಹಾಗೆ.

ಅದಾದ ಮೇಲೆ ನಾನು ಆಡಿದ್ದು ನಾಲ್ಕೇ ಮಾತು. ಇದು 40 ಸೆಕೆಂಡಿನ ದೃಶ್ಯ, ಇದಕ್ಕೆ 11 ಗಂಟೆ ಹಿಡಿಯಿತು. ಮುಂದಿನ ಸೀಸನ್ನಿಗೆ 8 ಕಂತು, ಒಟ್ಟು ಖರ್ಚು ಇಷ್ಟು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಟರಿಗೆ ಮತ್ತು ಈ ಹೆಜ್ಜೆ ಮಾಡಿದವರಿಗೆ. 150 ಜನ ತಿಂಗಳ ಸದಸ್ಯರಾದ ದಿನ ರೆಕಾರ್ಡಿಂಗ್ ಶುರು ಮಾಡುತ್ತೇವೆ. ಲಿಂಕ್ ಕಂತಿನ ವಿವರಣೆಯಲ್ಲಿದೆ. ಆರು ವಾರದಲ್ಲಿ 163 ಜನ ಸೇರಿದರು. ಕಥೆ ಅದೇ, ಕೇಳುಗರು ಅವರೇ. ನಾವು ಕೇಳಿದ ರೀತಿ ಮಾತ್ರ ಬದಲಾಗಿತ್ತು.

ಸಂಕೋಚದ ಮೂಲ ಎಲ್ಲಿದೆ ಎಂದು ಆಮೇಲೆ ಯೋಚಿಸಿದ್ದೇನೆ. ಇದನ್ನು ದಾನ ಎಂದುಕೊಂಡರೆ ಕೇಳುವವನಿಗೆ ಹಂಗು, ಕೊಡುವವನಿಗೆ ಉಪಕಾರದ ಭಾವ. ನನಗೆ ಸರಿ ಅನ್ನಿಸುವ ಪದ ವಂತಿಗೆ. ಎಲ್ಲರಿಗೂ ಬೇಕಾದ ಒಂದು ಕೆಲಸಕ್ಕೆ ಇಷ್ಟು ಖರ್ಚಿದೆ, ತಲಾ ಇಷ್ಟು ಹಾಕೋಣ, ಕೊನೆಗೆ ಲೆಕ್ಕ ಒಪ್ಪಿಸುತ್ತೇವೆ ಎನ್ನುವಾಗ ಯಾರ ತಲೆಯೂ ತಗ್ಗುವುದಿಲ್ಲ. ಹಾಕಲು ಆಗದವರೂ ಕಥೆ ಕೇಳುತ್ತಾರೆ, ಅದೂ ವಂತಿಗೆಯ ಧರ್ಮವೇ. ಆದ್ದರಿಂದ ಮುಖ್ಯ ಕಂತುಗಳನ್ನು ಎಲ್ಲರಿಗೂ ತೆರೆದೇ ಇಡಿ. ಮುಂದಿನ ಕೇಳುಗರು ಬರುವುದು ಆ ಬಾಗಿಲಿನಿಂದ.

"ಜಾಹೀರಾತು ಹಾಕಿದರೆ ಸಾಲದೇ" ಎಂದೂ ಕೇಳಿದ್ದೀರಿ. ಪಾಡ್‌ಕಾಸ್ಟ್ ಜಾಹೀರಾತಿನ ದರ ಸಾಮಾನ್ಯವಾಗಿ ಸಾವಿರ ಡೌನ್‌ಲೋಡಿಗೆ ಇಷ್ಟು ಎಂದು. ವಾರಕ್ಕೆ ಮೂರು ಸಲ ಬರುವ ಮಾತುಕತೆಗೆ ಆ ಗಣಿತ ಹೊಂದುತ್ತದೆ. ವರ್ಷಕ್ಕೆ ಎಂಟು ಕಂತು ತರುವ ನಾಟಕಕ್ಕೆ ಮಾರಲು ಜಾಗವೇ ಕಡಿಮೆ, ಖರ್ಚು ಮಾತ್ರ ಹತ್ತು ಪಟ್ಟು. ಮೇಲಾಗಿ ಅಜ್ಜಿ ಒಂಬತ್ತನೆಯ ಮೆಟ್ಟಿಲಲ್ಲಿ ನಿಂತಾಗ ಯಾವುದೋ ಹಾಸಿಗೆಯ ಜಾಹೀರಾತು ಬಂದರೆ ಕಥೆ ಅಲ್ಲಿಗೇ ಸತ್ತುಹೋಗುತ್ತದೆ. ಇದು ಪಾಡ್‌ಕಾಸ್ಟ್‌ನ ಕಷ್ಟ ಮಾತ್ರವೂ ಅಲ್ಲ. ಅಭಿಮಾನಿಗಳು ತಿಂಗಳು ತಿಂಗಳು ಹಣ ಕೊಟ್ಟು ಸದಸ್ಯರಾಗುವ ಜಾಲತಾಣ ಪೇಟ್ರಿಯಾನ್ ಹುಟ್ಟಿದ್ದೇ ಹೀಗೆ: ಜ್ಯಾಕ್ ಕಾಂಟೆ ಎಂಬ ಸಂಗೀತಗಾರರ ವಿಡಿಯೋಗಳನ್ನು ಬಹಳ ಜನ ನೋಡುತ್ತಿದ್ದರು, ಜಾಹೀರಾತಿನಿಂದ ಬರುತ್ತಿದ್ದದ್ದು ಮಾತ್ರ ಅತ್ಯಲ್ಪ. ನೋಡುವವರೇ ನೇರವಾಗಿ ಕೊಡುವಂತಾಗಲಿ ಎಂದು ಅವರು ಸ್ಯಾಮ್ ಯಾಮ್ ಜೊತೆ ಸೇರಿ 2013ರಲ್ಲಿ ಅದನ್ನು ಶುರು ಮಾಡಿದರು.

ಇನ್ನು ಯಾವ ದಾರಿ ಎಂಬುದು. ಒಂದೇ ಸಲ ದೊಡ್ಡ ಮೊತ್ತ ಎತ್ತುವುದು ಒಂದು ಬಗೆ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಬರುವುದು ಇನ್ನೊಂದು. 2009ರಲ್ಲಿ ಶುರುವಾದ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣ ಮೊದಲ ಬಗೆಯದು. ಅಲ್ಲಿ ಗುರಿ ಮುಟ್ಟಿದರೆ ಮಾತ್ರ ಹಣ, ಇಲ್ಲದಿದ್ದರೆ ಯಾರ ಖಾತೆಯಿಂದಲೂ ಬಿಡಿಗಾಸು ಹೋಗುವುದಿಲ್ಲ. ಯಶಸ್ವಿಯಾದರೆ ಅವರು ಶೇ. 5 ಇಟ್ಟುಕೊಳ್ಳುತ್ತಾರೆ, ಪಾವತಿಯ ಶುಲ್ಕ ಬೇರೆ. ಸ್ಕ್ರಿಪ್ಟ್ ಎಲ್ಲ ಕೈಯಲ್ಲಿದ್ದು, ಸೀಸನ್ನಿನ ಖರ್ಚು ಖಚಿತವಾಗಿ ಗೊತ್ತಿದ್ದು, ಒಂದು ತಿಂಗಳು ಬೇರೇನೂ ಮಾಡದೆ ಪ್ರಚಾರಕ್ಕೇ ನಿಲ್ಲಲು ತಯಾರಿದ್ದರೆ ಆ ದಾರಿ ಒಳ್ಳೆಯದು. ನಿಮ್ಮ ಹಾಗೆ ಒಂದೇ ಸೀಸನ್ ಮುಗಿಸಿದ ಸಣ್ಣ ತಂಡಕ್ಕೆ ತಿಂಗಳ ಸದಸ್ಯತ್ವವೇ ಮೇಲು ಎಂದು ನನ್ನ ಅಭಿಪ್ರಾಯ. ಬರುವ ಮೊತ್ತ ಚಿಕ್ಕದು, ಆದರೆ ಮುಂದಿನ ತಿಂಗಳು ಎಷ್ಟು ಬರುತ್ತದೆ ಎಂದು ಮೊದಲೇ ತಿಳಿದರೆ ನಟರಿಗೆ ತಾರೀಖು ಕೊಡಬಹುದು.

ಎರಡು ವಿವರ ಮರೆಯಬೇಡಿ. ಪ್ರತಿ ಪಾವತಿಗೂ ಶೇಕಡಾವಾರು ಶುಲ್ಕದ ಜೊತೆ ಸಾಮಾನ್ಯವಾಗಿ ಒಂದು ನಿಗದಿತ ಶುಲ್ಕವೂ ಇರುತ್ತದೆ, ಹಾಗಾಗಿ ತೀರಾ ಚಿಕ್ಕ ಮೊತ್ತದಲ್ಲಿ ಒಳ್ಳೆಯ ಪಾಲು ದಾರಿಯಲ್ಲೇ ಕರಗುತ್ತದೆ. ಅಂಥವರಿಗೆ ವರ್ಷಕ್ಕೊಮ್ಮೆ ಕೊಡುವ ಅವಕಾಶ ಇಡಿ. ಇನ್ನೊಂದು, ಪೇಟ್ರಿಯಾನ್‌ನಂಥವುಗಳ ಐಫೋನ್ ಆ್ಯಪಿನ ಒಳಗಿಂದಲೇ ಸದಸ್ಯರಾದರೆ ಆ್ಯಪಲ್ ಶೇ. 30ರವರೆಗೂ ಕತ್ತರಿಸಬಹುದು. 2021ರಲ್ಲಿ ಬಂದ ಆ್ಯಪಲ್ ಪಾಡ್‌ಕಾಸ್ಟ್ಸ್ ಚಂದಾ ವ್ಯವಸ್ಥೆಯಲ್ಲೂ ಮೊದಲ ವರ್ಷ ಶೇ. 30, ಆಮೇಲೆ ಶೇ. 15. ಆದ್ದರಿಂದ ಮನವಿಯಲ್ಲಿ "ಬ್ರೌಸರ್‌ನಲ್ಲಿ ತೆರೆಯಿರಿ" ಎಂದು ಬಾಯಿಬಿಟ್ಟು ಹೇಳಿ. ಜನ ಸಂತೋಷವಾಗಿ ಹಾಗೇ ಮಾಡುತ್ತಾರೆ, ತಮ್ಮ ಹಣ ತಲುಪಬೇಕಾದಲ್ಲಿ ತಲುಪಲಿ ಎಂದು ಅವರಿಗೂ ಇರುತ್ತದೆ.

ಕೊಟ್ಟವರಿಗೆ ಪ್ರತಿಯಾಗಿ ಏನು ಕೊಡಬೇಕು ಎಂಬಲ್ಲಿ ಅನೇಕ ತಂಡಗಳು ಮುಗ್ಗರಿಸುತ್ತವೆ. ನಾವೂ ಮುಗ್ಗರಿಸಿದೆವು. ಟೀ ಶರ್ಟ್, ಸಹಿ ಹಾಕಿದ ಪೋಸ್ಟರ್ ಎಂದೆಲ್ಲ ಘೋಷಿಸಿದೆವು. ಅಳತೆ ಕೇಳುವುದು, ವಿಳಾಸ ಸೇರಿಸುವುದು, ಪ್ಯಾಕ್ ಮಾಡುವುದು, ಅಂಚೆಯಲ್ಲಿ ಕಳೆದದ್ದನ್ನು ಮತ್ತೆ ಕಳಿಸುವುದು ಎಂದು ಎರಡು ತಿಂಗಳು ಹೋಯಿತು, ಆ ಎರಡು ತಿಂಗಳು ನಾನು ಒಂದು ಸಾಲೂ ಬರೆಯಲಿಲ್ಲ. ಕಥೆಗಾಗಿ ಬಂದ ಹಣ ಬಟ್ಟೆಗೆ ಹೋಯಿತು. ಆಮೇಲೆ ಒಂದು ನಿಯಮ ಮಾಡಿಕೊಂಡೆವು: ಕೆಲಸ ಮಾಡುವಾಗ ತಾನಾಗಿ ಹುಟ್ಟುವುದನ್ನು ಮಾತ್ರ ಕೊಡುವುದು. ಬಿಟ್ಟುಹೋದ ಟೇಕ್‌ಗಳು, ಸ್ಕ್ರಿಪ್ಟಿನ ಪಿಡಿಎಫ್, ಅಜ್ಜಿಯ ಮೆಟ್ಟಿಲಿನಂಥ ಪದರ ಪದರದ ಆಡಿಯೋ, ಎರಡು ದಿನ ಮೊದಲೇ ಕಂತು. ಸದಸ್ಯರಿಗೆಂದೇ ಖಾಸಗಿ ಆರ್‌ಎಸ್‌ಎಸ್ ಫೀಡ್ (ಹೊಸ ಕಂತುಗಳನ್ನು ಆ್ಯಪ್‌ಗೆ ತಾನಾಗಿ ತಲುಪಿಸುವ ಲಿಂಕ್) ಮಾಡಿದರೆ ಅವರು ದಿನಾ ಬಳಸುವ ಆ್ಯಪ್‌ಗಳ ಪೈಕಿ ಹೆಚ್ಚಿನವುಗಳಲ್ಲೇ ಇದೆಲ್ಲ ಬಂದು ಕೂರುತ್ತದೆ. ಕೊನೆಯಲ್ಲಿ ಹೆಸರು ಓದುವುದನ್ನು ಮಾತ್ರ ಬಿಡಬೇಡಿ. ನಮ್ಮಲ್ಲಿ ಅಜ್ಜಿಯ ಪಾತ್ರ ಮಾಡಿದವರೇ ಅವಳ ದನಿಯಲ್ಲೇ ಹೆಸರು ಕರೆಯುತ್ತಾರೆ. ತನ್ನ ಹೆಸರನ್ನು ಅಜ್ಜಿ ಕೂಗಿದ್ದು ಕೇಳಿ ಅತ್ತುಬಿಟ್ಟೆ ಎಂದು ಒಬ್ಬರು ಬರೆದಿದ್ದರು.

ಮನವಿಯನ್ನು ಎಲ್ಲಿ ಇಡಬೇಕು ಎಂಬುದೂ ಮುಖ್ಯ. ಪಾತ್ರವೊಂದು ಸತ್ತ ಮರುಕ್ಷಣ ಇಡಬೇಡಿ, ಕೇಳುಗರಿಗೆ ಅಲ್ಲಿ ಮೌನ ಬೇಕು. ಕಂತಿನ ಮೊದಲಲ್ಲೂ ಬೇಡ, ಹೊಸಬರಿಗೆ ನೀವಿನ್ನೂ ಏನೂ ಕೊಟ್ಟಿಲ್ಲ. ಕಂತಿನ ಕೊನೆಯ ಸಂಗೀತ ಮುಗಿದು, ಪಾತ್ರವರ್ಗದ ಹೆಸರು ಓದಿ, ಆಮೇಲೆ 30 ಸೆಕೆಂಡು. ಸೀಸನ್ನಿನ ನಡುವೆ ಒಮ್ಮೆ ಮಾತ್ರ ಪದರ ಬಿಚ್ಚಿ ತೋರಿಸುವಂಥ ದೊಡ್ಡ ಮನವಿ, ಅದನ್ನೂ ಕಂತಿಗೆ ಅಂಟಿಸದೆ ಪ್ರತ್ಯೇಕವಾಗಿ ಹಾಕಿ. ಮನವಿ ಓದುವವರು ಕಥೆಯ ಹಿಂದಿನ ಮನುಷ್ಯರಾಗಿರಲಿ, ಜಾಹೀರಾತಿನ ದನಿ ಬೇಡ.

ಹಣ ಬಂದ ಮೇಲೆ ಮೊದಲು ನಟರಿಗೆ ಕೊಡಿ. ಗೆಳೆಯರು, ಪುಕ್ಕಟೆ ಮಾಡುತ್ತಾರೆ ಎಂದು ಮುಂದೂಡಬೇಡಿ. ಮೊದಲ ಸೀಸನ್ನಿನಲ್ಲಿ ದಾಕ್ಷಿಣ್ಯಕ್ಕೆ ಬಂದವರು ಮೂರನೆಯದಕ್ಕೆ ಬರಲಾರರು. ಬರಲು ಅವರಿಗೆ ಮನಸ್ಸಿದ್ದರೂ ಹೊಟ್ಟೆಪಾಡು ಬಿಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಒಂದು ಪುಟದ ಲೆಕ್ಕ ಸದಸ್ಯರಿಗೆ ಕಳಿಸಿ: ಬಂದದ್ದು, ಶುಲ್ಕಕ್ಕೆ ಹೋದದ್ದು, ಯಾರಿಗೆ ಕೊಟ್ಟದ್ದು, ಉಳಿದದ್ದು. ಎರಡು ಸೀಸನ್ ನಡುವೆ ಬಿಡುವು ತೆಗೆದುಕೊಳ್ಳುವಾಗ ಪಾವತಿ ನಿಲ್ಲಿಸುವ ಸೌಲಭ್ಯ ಪೇಟ್ರಿಯಾನ್‌ನಂಥ ಕಡೆ ಇದೆ, ಅದನ್ನು ಬಳಸಿ. ಏನೂ ಬಾರದ ತಿಂಗಳಲ್ಲಿ ಸುಮ್ಮನೆ ಹಣ ಕಡಿತವಾಗುತ್ತಾ ಹೋದರೆ ಜನ ಬೇಸರದಿಂದ ಹೊರಟುಹೋಗುತ್ತಾರೆ, ಮತ್ತೆ ಕರೆದರೂ ಬರುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆ, ಕೇಳಿಯೂ ಸಾಕಷ್ಟು ಬಾರದಿದ್ದರೆ? ನಮಗೆ ಮೂರನೆಯ ಸೀಸನ್ನಿಗೆ ಹಾಗೇ ಆಯಿತು, ಬೇಕಾದದ್ದರ ಮುಕ್ಕಾಲು ಪಾಲಷ್ಟೇ ಬಂತು. ಗುಣಮಟ್ಟ ಇಳಿಸಿ ಎಂಟು ಕಂತು ಮಾಡುವುದೋ, ಆರು ಕಂತು ಸರಿಯಾಗಿ ಮಾಡುವುದೋ ಎಂದು ಸದಸ್ಯರ ಮುಂದೆಯೇ ಲೆಕ್ಕ ಇಟ್ಟು ಕೇಳಿದೆವು. ಹೆಚ್ಚುಕಡಿಮೆ ಎಲ್ಲರೂ ಆರು ಎಂದರು. ಎರಡು ಉಪಕಥೆ ತೆಗೆದು ಸ್ಕ್ರಿಪ್ಟ್ ಮತ್ತೆ ಬರೆದೆ. ಆರನೆಯ ಕಂತು ಬಂದ ವಾರ, ತೆಗೆದುಹಾಕಿದ ಆ ಎರಡು ಕಂತಿಗೆ ಎಷ್ಟು ಬೇಕು ಎಂದು ಸದಸ್ಯರೇ ಬರೆಯತೊಡಗಿದರು.