ಅಪ್ಪನ ಫಿಸ್ಟುಲಾಗೆ (ಡಯಾಲಿಸಿಸ್‌ಗಾಗಿ ಕೈಯಲ್ಲಿ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಸೂಜಿ ಹಾಕಿದಾಗಲೆಲ್ಲ ಕೈ ಊದಿಕೊಳ್ಳುತ್ತದೆ, ಇನ್ನು ಡಯಾಲಿಸಿಸ್‌ಗೇ ಬರಲ್ಲ ಅಂತಿದ್ದಾರೆ. ಫಿಸ್ಟುಲಾ ಹಾಳಾಯ್ತಾ?

ಹಾಳಾಗಿದೆ ಅಂತ ಈಗಲೇ ಅಂದುಕೊಳ್ಳಬೇಡಿ. ನಾನೂ ಡಯಾಲಿಸಿಸ್ ಮಾಡಿಸಿಕೊಳ್ಳುವವನು. ಶುರುವಿನಲ್ಲಿ ನನ್ನ ಎಡಗೈ ಕೂಡ ಊದಿ ನೀಲಿಗಟ್ಟಿತ್ತು. ಅದೇ ಫಿಸ್ಟುಲಾ ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ.

ಆಪರೇಷನ್ ಆಗಿ ಐದು ವಾರಕ್ಕೇ ಸೂಜಿ ಹಾಕಿದರು ಅಂತ ಬರೆದಿದ್ದೀರಿ. ನನ್ನ ಅನುಮಾನ ಅಲ್ಲೇ. ಫಿಸ್ಟುಲಾದಲ್ಲಿ ಆರ್ಟರಿಯನ್ನು (ಹೃದಯದಿಂದ ರಕ್ತ ತರುವ ನಾಳ) ವೇನ್‌ಗೆ (ಹೃದಯಕ್ಕೆ ರಕ್ತ ಒಯ್ಯುವ ನಾಳ) ಜೋಡಿಸಿರುತ್ತಾರೆ. ಆರ್ಟರಿಯ ರಭಸದ ರಕ್ತ ನುಗ್ಗಿ ನುಗ್ಗಿ ವೇನ್ ಅಗಲವಾಗಬೇಕು, ಅದರ ಗೋಡೆ ಗಟ್ಟಿಯಾಗಬೇಕು. ಇದಕ್ಕೆ ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ವಯಸ್ಸಾದವರಿಗೆ, ಶುಗರ್ ಇರುವವರಿಗೆ ಇನ್ನೂ ಜಾಸ್ತಿ ಹಿಡಿಯಬಹುದು. ನಾಳ ಸುಮಾರು 6 ಮಿ.ಮೀ. ಅಗಲವಾಗಿರಬೇಕು, ಚರ್ಮದಿಂದ 6 ಮಿ.ಮೀ.ಗಿಂತ ಆಳದಲ್ಲಿ ಇರಬಾರದು, ನಿಮಿಷಕ್ಕೆ 600 ಮಿ.ಲೀ. ರಕ್ತ ಹರಿಯಬೇಕು ಅನ್ನುವುದು ಡಾಕ್ಟರುಗಳ ಲೆಕ್ಕ. ಡಾಪ್ಲರ್ ಸ್ಕ್ಯಾನ್‌ನಲ್ಲಿ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಇದೆಲ್ಲ ಗೊತ್ತಾಗುತ್ತದೆ. ಮಾಡಿಸಿಲ್ಲದಿದ್ದರೆ ನೀವೇ ಕೇಳಿ ಮಾಡಿಸಿ.

ಎಳೆಯ ನಾಳದಲ್ಲಿ ಸೂಜಿ ಹಿಂಬದಿ ಗೋಡೆಯನ್ನೂ ತೂರಿಬಿಡುತ್ತದೆ. ಕೆಲವೊಮ್ಮೆ ಕೈ ಮಡಚಿದಾಗ ಸೂಜಿ ಪಕ್ಕಕ್ಕೆ ಸರಿದು ನಾಳ ಹರಿದುಹೋಗುತ್ತದೆ. ಆಗ ರಕ್ತ ಚರ್ಮದಡಿ ಸೋರಿ ಕೈ ಊದುತ್ತದೆ. ಮಷೀನ್ ಓಡುತ್ತಿರುವಾಗ ಹೀಗಾದರೆ ಪಂಪ್ ರಕ್ತವನ್ನು ತಳ್ಳುತ್ತಲೇ ಇರುತ್ತದೆ, ನೋಡುನೋಡುತ್ತಲೇ ದೊಡ್ಡ ಗಂಟಾಗುತ್ತದೆ. ಆದ್ದರಿಂದ ಸ್ವಲ್ಪ ಉರಿ, ನೋವು ಅನಿಸಿದ ಕೂಡಲೇ ಸಿಸ್ಟರ್‌ನ ಕೂಗಲು ಅಪ್ಪನಿಗೆ ಹೇಳಿ. ಅವರು ಸಂಕೋಚದಿಂದ ಸುಮ್ನೆ ತಡೆದುಕೊಂಡು ಮಲಗಬಾರದು. ಊದಿದ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಆಗಾಗ ಇಡಿ. ಊತ ಇಳಿಯುವವರೆಗೂ ಆ ಜಾಗಕ್ಕೆ ಚುಚ್ಚಿಸಬೇಡಿ.

ಕುತ್ತಿಗೆಯ ಕ್ಯಾಥೆಟರ್ (ಡಯಾಲಿಸಿಸ್‌ಗೆ ಹಾಕಿದ ಕೊಳವೆ) ಇನ್ನೂ ತೆಗೆದಿಲ್ಲ ಅಂದಿರಲ್ಲ, ಅದು ಒಳ್ಳೆಯದೇ ಆಯಿತು. ಸ್ವಲ್ಪ ದಿನ ಅದರಲ್ಲೇ ನಡೆಸಿ ಕೈಗೆ ಬಿಡುವು ಕೊಡಬಹುದಾ ಅಂತ ನೆಫ್ರಾಲಜಿಸ್ಟ್‌ನ (ಕಿಡ್ನಿ ಡಾಕ್ಟರ್) ಕೇಳಿ. ಮತ್ತೆ ಶುರು ಮಾಡುವಾಗ 17 ಗೇಜ್‌ನ ಸಣ್ಣ ಸೂಜಿ ಸಾಕು. ರಕ್ತ ಎಳೆಯಲು ಒಂದು ಸೂಜಿ ಫಿಸ್ಟುಲಾಗೆ ಹಾಕಿ, ವಾಪಸ್ ಕಳಿಸಲು ಕ್ಯಾಥೆಟರ್ ಬಳಸುವ ಕ್ರಮವೂ ಇದೆ.

ಒಂದು ವಿಷಯದಲ್ಲಿ ಮಾತ್ರ ನೀವು ಗಟ್ಟಿಯಾಗಿ ನಿಲ್ಲಬೇಕು. ಒಮ್ಮೆ ಸುಲಭವಾಗಿ ಸಿಕ್ಕ ಜಾಗಕ್ಕೇ ಪ್ರತಿಸಲ ಚುಚ್ಚುತ್ತಾರೆ. ನೋವು ಕಡಿಮೆ ಅಂತ ರೋಗಿಗಳೂ ಅದನ್ನೇ ಕೇಳುತ್ತಾರೆ. ಹೀಗೆ ಚುಚ್ಚಿ ಚುಚ್ಚಿ ಅಲ್ಲಿ ಗೋಡೆ ಸೋತು ಉಬ್ಬುತ್ತದೆ, ಚರ್ಮ ತೆಳುವಾಗುತ್ತದೆ. ಅದು ಒಡೆದರೆ ಪ್ರಾಣಕ್ಕೇ ಅಪಾಯ. ನಾಳದ ಉದ್ದಕ್ಕೂ ಜಾಗ ಬದಲಿಸುತ್ತಾ ಹೋಗಲು ಹೇಳಿ. ನೋವಿಗೆ ಮರಗಟ್ಟಿಸುವ ಕ್ರೀಮ್ ಸಿಗುತ್ತದೆ, ಡಾಕ್ಟರ್‌ನ ಕೇಳಿ ಒಂದು ಗಂಟೆ ಮುಂಚೆ ಹಚ್ಚಿಕೊಳ್ಳಲಿ.

ದಿನಾ ಬೆಳಿಗ್ಗೆ ಫಿಸ್ಟುಲಾ ಮೇಲೆ ಬೆರಳಿಟ್ಟು ನೋಡಿ. ಜುಮ್ ಅನ್ನುವ ಕಂಪನ ಇರಬೇಕು. ಅದು ನಿಂತಿದ್ದರೆ ಮರುದಿನದವರೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ಸೂಜಿ ತೆಗೆದ ಮೇಲೆ ರಕ್ತ ಮೊದಲಿಗಿಂತ ಜಾಸ್ತಿ ಹೊತ್ತು ನಿಲ್ಲದಿದ್ದರೆ ನಾಳ ಎಲ್ಲೋ ಕಿರಿದಾಗಿರಬಹುದು. ಅದನ್ನು ಬಲೂನ್ ಹಾಕಿ ಅಗಲ ಮಾಡುತ್ತಾರೆ.

ಡಯಾಲಿಸಿಸ್ ಮಾತ್ರ ತಪ್ಪಿಸಲು ಬಿಡಬೇಡಿ. ತಪ್ಪಿಸಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಅಪ್ಪ ಹೆದರಿರುವುದು ಸೂಜಿಗೆ, ಅಲ್ವಾ? ಒಬ್ಬರು ಎರಡು ಸಲ ಚುಚ್ಚಿಯೂ ಸಿಗದಿದ್ದರೆ ಸೀನಿಯರ್ ಟೆಕ್ನಿಷಿಯನ್‌ನ ಕರೆಯಿರಿ ಅಂತ ಮೊದಲೇ ಮಾತಾಡಿಕೊಳ್ಳಿ. ಉಚಿತವಾಗಿ ಮಾಡಿಸುತ್ತಿದ್ದರೂ ಹಾಗೆ ಕೇಳುವ ಹಕ್ಕು ನಿಮಗಿದೆ. ಸೂಜಿ ಹಾಕುವ ಹೊತ್ತಿಗೆ ನೀವೂ ಪಕ್ಕದಲ್ಲಿರಿ.