ಹಳೆಯ ರೇಡಿಯೊ ಪಾಪ್ ಹಾಡುಗಳು ಈಗ ಕೇಳಿದರೆ ಸಪ್ಪೆ ಅನ್ನಿಸುವುದೇಕೆ?

ರೇಡಿಯೊದಲ್ಲಿ ಕೇಳಿ ಬಾಯಿಪಾಠವಾಗಿದ್ದ, ತುಸು ಅತಿ ಅನ್ನಿಸಿದರೂ ಬಿಡಲಾಗದ ಹಾಡುಗಳು ಈಗ ಆ್ಯಪ್‌ನಲ್ಲಿ, ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಸಪ್ಪೆಯಾಗಿವೆ. ಬದಲಾಗಿದ್ದು ಕಿವಿಯೋ ಹಾಡೋ ಎಂದು ಕೇಳಿದ್ದೀರಿ. ಕಿವಿಯನ್ನು ದೂರುವ ಮೊದಲು ಹಾಡನ್ನು ಪರೀಕ್ಷಿಸಿ. ನೀವು ಹಾಕುತ್ತಿರುವುದು ಅದೇ ಹಾಡಲ್ಲದಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಮೊದಲ ಅನುಮಾನ ಮರುಧ್ವನಿಮುದ್ರಣದ ಮೇಲೆ. ಹಾಡಿನ ಮೂಲ ಧ್ವನಿಮುದ್ರಣವಿರುವ ಹಳೆಯ ಮಾಸ್ಟರ್ ಟೇಪು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯ ಆಸ್ತಿ. ಒಪ್ಪಂದದ ನಿರ್ಬಂಧ ಮುಗಿದ ಮೇಲೆ ಎಷ್ಟೋ ಗಾಯಕರು ತಮ್ಮ ಹಿಟ್ ಹಾಡನ್ನೇ ಹೊಸದಾಗಿ ಹಾಡಿ, ಅಗ್ಗದ ಸಂಕಲನಗಳಿಗೆ ಕೊಟ್ಟರು. ಗಾಯಕ ಅವನೇ, ಸಾಹಿತ್ಯ ಅದೇ, ಆದರೆ ದನಿ ಇಪ್ಪತ್ತು ವರ್ಷ ದಪ್ಪವಾಗಿರುತ್ತದೆ, ಪಿಟೀಲುಗಳ ಜಾಗದಲ್ಲಿ ಸಿಂಥಸೈಜರ್ ಕೂತಿರುತ್ತದೆ. ಪತ್ತೆಹಚ್ಚಲು ಆಲ್ಬಮ್ಮಿನ ವಿವರದಲ್ಲಿ ವೃತ್ತದೊಳಗಿನ ‘ಪಿ’ ಗುರುತಿನ ಮುಂದಿರುವ ವರ್ಷ ಮತ್ತು ಕಂಪನಿಯ ಹೆಸರು ನೋಡಿ. ಹಾಡು ಹಿಟ್ ಆದ ಕಾಲಕ್ಕೂ ಮೂಲ ಕಂಪನಿಗೂ ಅವು ಹತ್ತಿರವಿದ್ದರೆ ಒಳ್ಳೆಯ ಲಕ್ಷಣ. ಹಳೆಯ ಮುದ್ರಣವನ್ನೇ ಹೊಸದಾಗಿ ಹದಗೊಳಿಸಿದ ರೀಮಾಸ್ಟರ್‌ಗಳಲ್ಲಿ ವರ್ಷ ಹೊಸದಾಗಿರಬಹುದು, ಹಾಗಾಗಿ ಅದೊಂದನ್ನೇ ನಂಬಬೇಡಿ. ನನ್ನ ಪ್ರಕಾರ ಡ್ರಮ್ಮಿನ ಸದ್ದೇ ಗಟ್ಟಿ ಸಾಕ್ಷಿ: ಅರವತ್ತರ ದಶಕದ ಹಾಡಿನಲ್ಲಿ ಎಂಬತ್ತರ ದಶಕದ ಪ್ರತಿಧ್ವನಿ ಕೇಳಿದರೆ ಅದು ನಕಲು.

ಎರಡನೆಯದು ಕತ್ತರಿ. ರೇಡಿಯೊಗೆ ಹೋಗುತ್ತಿದ್ದುದು 45 ಆರ್‌ಪಿಎಂ ಸಿಂಗಲ್ (ನಿಮಿಷಕ್ಕೆ 45 ಸುತ್ತು ತಿರುಗುವ, ಬದಿಗೊಂದು ಹಾಡಿನ ಪುಟ್ಟ ರೆಕಾರ್ಡು), ಹೆಚ್ಚಾಗಿ 3 ನಿಮಿಷದ ಆಸುಪಾಸಿನದು. ಆ್ಯಪ್‌ನಲ್ಲಿ ಸಿಗುವುದು ಎಷ್ಟೋ ಸಲ ಉದ್ದನೆಯ ಆಲ್ಬಮ್ ರೂಪ: ಪೀಠಿಕೆ ಮುಗಿಯುವುದೇ ಇಲ್ಲ, ನಡುವೆ ಹಿಂದೆ ಕೇಳಿರದ ಗಿಟಾರ್ ಭಾಗ. ‘ಸಿಂಗಲ್ ವರ್ಷನ್’ ಅಥವಾ ‘ರೇಡಿಯೊ ಎಡಿಟ್’ ಎಂದು ಹುಡುಕಿ. ಸಿಂಗಲ್ಲಿನ ಲೇಬಲ್ ಮೇಲಿನ ಸಮಯವನ್ನು ಪೂರ್ತಿ ನಂಬುವ ಹಾಗಿಲ್ಲ. 1964ರಲ್ಲಿ ಅಮೆರಿಕದ ಸಂಗೀತ ನಿರ್ಮಾಪಕ ಫಿಲ್ ಸ್ಪೆಕ್ಟರ್ ನಿರ್ಮಿಸಿದ ಒಂದು ಹಾಡು 3:45 ಇದ್ದರೂ, ಉದ್ದವೆಂದು ಸ್ಟೇಷನ್ನುಗಳು ತಳ್ಳಿಹಾಕದಿರಲಿ ಎಂದು ಲೇಬಲ್ಲಿನಲ್ಲಿ 3:05 ಎಂದೇ ಅಚ್ಚಾಗಿತ್ತು.

ವೇಗವೂ ಒಂದು ಕಾರಣ. ಹಾಡು ಚುರುಕಾಗಿ ಕೇಳಲಿ ಎಂದು ಕೆಲವು ಅಮೆರಿಕನ್ ಸ್ಟೇಷನ್ನುಗಳು ರೆಕಾರ್ಡನ್ನು ತುಸು ಬೇಗ ತಿರುಗಿಸುತ್ತಿದ್ದವು. ರೇಡಿಯೊದಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು ಕೇಳಿದವರಿಗೆ ಡೆಕ್ಕಿನ ವೇಗದೋಷ ಬೇರೆ ಸೇರಿರುತ್ತದೆ. ವೇಗ 2.5 ಶೇಕಡಾ ಹೆಚ್ಚಾದರೆ 3 ನಿಮಿಷ 20 ಸೆಕೆಂಡಿನ ಹಾಡು ಸುಮಾರು 5 ಸೆಕೆಂಡು ಮೊದಲೇ ಮುಗಿಯುತ್ತದೆ, ಶ್ರುತಿ ಅರ್ಧ ಸ್ವರದ ಅರ್ಧಕ್ಕಿಂತ ತುಸು ಕಡಿಮೆ ಏರುತ್ತದೆ. ಪೂರ್ತಿ ಅರ್ಧ ಸ್ವರ ಏರಲು ಹೆಚ್ಚುಕಡಿಮೆ 6 ಶೇಕಡಾ ಬೇಕು. ಈ ಸಣ್ಣ ವ್ಯತ್ಯಾಸಕ್ಕೆ ಶ್ರುತಿ ಬದಲಾಯಿತು ಅನ್ನಿಸುವುದಿಲ್ಲ. ಹಾಡಿನ ಲವಲವಿಕೆ ಹೋಯಿತು ಅನ್ನಿಸುತ್ತದೆ, ಅಷ್ಟೇ.

ಇವೆಲ್ಲಕ್ಕಿಂತ ದೊಡ್ಡದು ಸದ್ದಿನ ಅಗಲ, ಅಂದರೆ ಎಷ್ಟು ಕೆಳಗಿನಿಂದ ಎಷ್ಟು ಮೇಲಿನವರೆಗಿನ ಸದ್ದು ಕೇಳುತ್ತದೆ ಎಂಬುದು. ಸಾಧಾರಣ ಎಎಂ ರೇಡಿಯೊದಲ್ಲಿ 4–5 ಕಿಲೋಹರ್ಟ್ಸ್ ಮೇಲಿನದು ಬಹುಪಾಲು ಕೇಳುತ್ತಿರಲಿಲ್ಲ. ಎಫ್‌ಎಂ 15ರವರೆಗೆ ಕೊಡುತ್ತದೆ. ಆ ಕಾಲದ ನಿರ್ಮಾಪಕರಿಗೆ ಇದು ಗೊತ್ತಿತ್ತು. ಚಪ್ಪಾಳೆ, ಕಹಳೆ, ಎಲ್ಲರಿಗಿಂತ ಮುಂದೆ ನಿಂತ ದನಿ, ಕೊನೆಯ ಪಲ್ಲವಿಯಲ್ಲಿ ಅರ್ಧ ಅಥವಾ ಒಂದು ಸ್ವರ ಮೇಲಕ್ಕೆ ಜಿಗಿತ: ಇವತ್ತು ನಾವು ನಗುವ ಗಿಮಿಕ್ಕುಗಳೆಲ್ಲ ಅಂಗೈಯಗಲದ ಸ್ಪೀಕರಿನಲ್ಲೂ ದಾಟಿ ಬರುವಂಥವು. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್. ಅದು ಆ ಸ್ಪೀಕರಿನಿಂದ ಬರುವುದೇ ಇಲ್ಲ, ಅದರ ಜೊತೆಗೇ ಹುಟ್ಟುವ ಮೇಲಿನ ಸ್ವರಗಳಿಂದ ಕಿವಿಯೇ ಅದನ್ನು ಕಟ್ಟಿಕೊಳ್ಳುತ್ತದೆ. ದುಬಾರಿ ಹೆಡ್‌ಫೋನ್ ಹಾಕಿದಾಗ ಆ ಬೆಸುಗೆ ಬಿಟ್ಟುಹೋಗಿ ಪಿಟೀಲು ಒಂದು ಕಡೆ, ಕೋರಸ್ ಇನ್ನೊಂದು ಕಡೆ, ಅಂಟಿಸಿದ ಗುರುತು ಸಮೇತ ಕಾಣುತ್ತದೆ. ನಾಟಕದ ಬಣ್ಣವನ್ನು ಹತ್ತಿರದಿಂದ ನೋಡಿದ ಹಾಗೆ.

ಆ ರೇಡಿಯೊ ಸದ್ದು ಬೇಕೇ ಬೇಕೆಂದರೆ ಆಡಾಸಿಟಿ ಎಂಬ ಉಚಿತ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಹತ್ತು ನಿಮಿಷದ ಕೆಲಸ, ಫೈಲ್ ನಿಮ್ಮದೇ ಆಗಿದ್ದರೆ. ಮೊದಲು ಸ್ಟೀರಿಯೊವನ್ನು ಮೋನೊ ಮಾಡಿ, ಅಂದರೆ ಎಡ ಬಲದ ಸದ್ದುಗಳನ್ನು ಸೇರಿಸಿ ಒಂದಾಗಿಸಿ. ಆಮೇಲೆ ಕೆಳಗಿನ ಸದ್ದನ್ನು ತೆಗೆಯುವ ಹೈಪಾಸ್ ಫಿಲ್ಟರ್, 120 ಹರ್ಟ್ಸ್. ಬಳಿಕ ಜೋರಾದ ಸದ್ದನ್ನು ಅದುಮುವ ಕಂಪ್ರೆಸರ್: ಥ್ರೆಶೋಲ್ಡ್ (ಅದುಮುವುದು ಶುರುವಾಗುವ ಮಟ್ಟ) ಮೈನಸ್ 24 ಡೆಸಿಬೆಲ್, ಅನುಪಾತ 4:1, ಅಟ್ಯಾಕ್ (ಅದುಮಲು ಹಿಡಿಯುವ ಸಮಯ) 10 ಮಿಲಿಸೆಕೆಂಡ್, ರಿಲೀಸ್ (ಬಿಡಲು ಹಿಡಿಯುವ ಸಮಯ) 250. ಅದರ ನಂತರ ಮೇಲಿನ ಸದ್ದನ್ನು ತೆಗೆಯುವ ಲೋಪಾಸ್ ಫಿಲ್ಟರ್, 4500 ಹರ್ಟ್ಸ್, ಆಕ್ಟೇವಿಗೆ 24 ಡೆಸಿಬೆಲ್ ಇಳಿಜಾರು. ಕೊನೆಗೆ ಸದ್ದು ಒಂದು ಮಿತಿ ದಾಟದಂತೆ ತಡೆಯುವ ಲಿಮಿಟರ್, ಮೈನಸ್ 1 ಡೆಸಿಬೆಲ್. ನಿಮ್ಮ ನೆನಪು ಎಫ್‌ಎಂನದಾದರೆ ಮೋನೊ, ಫಿಲ್ಟರ್ ಎರಡೂ ಬೇಡ, ಕಂಪ್ರೆಸರ್ ಮತ್ತು ಲಿಮಿಟರ್ ಸಾಕು.

ಹೈಪಾಸನ್ನು ಕಂಪ್ರೆಸರಿನ ಮೊದಲೇ ಹಾಕಬೇಕು. ಇಲ್ಲದಿದ್ದರೆ ಪ್ರತಿ ಡ್ರಮ್ ಏಟಿಗೂ ಗಾಯಕನ ದನಿ ಕುಸಿದು ಏಳುತ್ತದೆ. ರಿಲೀಸನ್ನು 50ಕ್ಕಿಂತ ಕೆಳಗಿಳಿಸಿದರೆ ಬಾಸ್ ಒಡೆದು ಗೊರಗೊರ ಅನ್ನತೊಡಗುತ್ತದೆ, ಅಟ್ಯಾಕ್ ಸೊನ್ನೆ ಮಾಡಿದರೆ ಡ್ರಮ್ಮಿನ ಪೆಟ್ಟು ಸಾಯುತ್ತದೆ. ಲೋಪಾಸ್ 3000ಕ್ಕೆ ಇಳಿಸಿದಿರೋ, ಸಕಾರ ಶಕಾರಗಳು ಮಾಯವಾಗಿ ಹಾಡು ಟೆಲಿಫೋನಿನಲ್ಲಿ ಬಂದಂತಾಗುತ್ತದೆ. ಅರವತ್ತರ ದಶಕದ ಹಾಡಾದರೆ ಸ್ಟೀರಿಯೊವನ್ನು ಮಡಚಿ ಮೋನೊ ಮಾಡುವ ಬದಲು ಮೂಲ ಮೋನೊ ಮಿಕ್ಸ್ ಹುಡುಕುವುದೇ ಮೇಲು. ಆಗ ಹೆಚ್ಚಾಗಿ ಮೋನೊವನ್ನು ಬೇರೆಯೇ ಮಿಕ್ಸ್ ಮಾಡುತ್ತಿದ್ದರು, ಅಂದರೆ ದನಿ ವಾದ್ಯಗಳ ಪ್ರಮಾಣವನ್ನು ಅದಕ್ಕೆಂದೇ ಹೊಂದಿಸುತ್ತಿದ್ದರು. ಮಡಚಿದಾಗ ನಡುವಿನಲ್ಲಿರುವ ದನಿ ಪಕ್ಕದ ವಾದ್ಯಗಳಿಗಿಂತ ಸುಮಾರು 3 ಡೆಸಿಬೆಲ್ ಮೇಲೇಳುತ್ತದೆ, ಲೆಕ್ಕ ತಪ್ಪುತ್ತದೆ. ಗರಗರ ಸದ್ದು ಬೆರೆಸುವ ಫಿಲ್ಟರುಗಳನ್ನಂತೂ ಮುಟ್ಟಬೇಡಿ. ಆಗ ನಾವು ಏರಿಯಲ್ ತಿರುಗಿಸಿ ತಪ್ಪಿಸಿಕೊಳ್ಳಲು ನೋಡುತ್ತಿದ್ದುದೇ ಅದನ್ನು.

ಮುಗಿಸಿದ ಫೈಲನ್ನು ಹೆಡ್‌ಫೋನಿನಲ್ಲಿ ಕೇಳಿ ತೀರ್ಪು ಕೊಡಬೇಡಿ, ಮೋನೊ ತಲೆಯ ನಡುವೆ ಕೂತುಬಿಡುತ್ತದೆ. 3–4 ಇಂಚಿನ ಒಂಟಿ ಸ್ಪೀಕರ್ ಸಾಕು. ಅದನ್ನು ಕೋಣೆಯ ಇನ್ನೊಂದು ತುದಿಯಲ್ಲಿಟ್ಟು, ಇಪ್ಪತ್ತು ಮೂವತ್ತು ಹಾಡು ಶಫಲ್‌ಗೆ ಹಾಕಿ, ಬೇರೇನಾದರೂ ಕೆಲಸ ಮಾಡುತ್ತಾ ಕೇಳಿ.